ಅಧಿಕ ಮಾಸದ ಫೋಟೋ

ಕೋಕಿಲಾ ಕೂತಲ್ಲಿ ಕೂಡುವ ಹೆಣ್ಣಲ್ಲ. ಆದಿತ್ಯವಾರ ಬೆಳಗಾಯಿತೆಂದರೆ ಕೊರಳಿಗೆ ಕ್ಯಾಮೆರಾ, ಕಾಲಿಗೆ ಬೂಟು. ಚಹಾ ನಿಂತೇ ಕುಡಿದು ಮೆಟ್ಟಿಲಿಳಿದುಬಿಡುವಳು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಆ ಮೂರಂತಸ್ತಿನ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಮೇಲಿನ ಮನೆಯ ಕನ್ನಡದವರ ಮಗಳಿಗೆ ಫೋಟೋದ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ನಲವತ್ತು ದಾಟಿದ, ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಹೆಣ್ಣಿಗೆ ಯಾವುದೋ ಒಂದು ಹುಚ್ಚು ಹಿಡಿಯುವುದಾದರೆ ಫೋಟೋದ್ದೇ ಹಿಡಿಯಲಿ, ಖರ್ಚು ಕಮ್ಮಿ ಎಂದು ಅವರ ಸಮಾಧಾನ. ಕ್ಯಾಮೆರಾದ ಬೆಲೆ ಅವರಿಗೆ ಗೊತ್ತಿರಲಿಲ್ಲ.

"ನಾಯಿಗೆ ಕೆಲಸಿಲ್ಲ, ನಿಲ್ಲಲಿಕ್ಕೆ ಹೊತ್ತಿಲ್ಲ," ಎಂದು ತಾಯಿ ಸುಂದರಾಬಾಯಿಯ ದನಿ ಅಡುಗೆಮನೆಯಿಂದಲೇ ಅವಳನ್ನು ಬಾಗಿಲ ತನಕ ಬೆನ್ನಟ್ಟುತ್ತಿತ್ತು. "ಇವತ್ತೆಲ್ಲಿಗೆ ಸವಾರಿ?"

"ಜೀಡಿಮೆಟ್ಲಾಕ್ಕಮ್ಮಾ."

"ಅಲ್ಲೇನದ ತಗೀಲಿಕ್ಕೆ? ಔಷಧ ಫ್ಯಾಕ್ಟರಿ ವಾಸನಿ ಫೋಟೋದಾಗ ಬೀಳ್ತದೇನು?"

ಕೇಳಿದವರಿಗೆಲ್ಲ ಕೋಕಿಲಾ ಒಂದೇ ಮಾತು ಹೇಳುತ್ತಿದ್ದಳು. ಹೈದರಾಬಾದಿನ ಋತುಗಳ ಫೋಟೋ ತೆಗೆಯುತ್ತಿದ್ದೇನೆ; ಕೆಲವು ಜಾಗ ಆರಿಸಿಕೊಂಡಿದ್ದೇನೆ; ಅದೇ ಜಾಗದಲ್ಲಿ ಅದೇ ಕಲ್ಲಿನ ಮೇಲೆ ನಿಂತು ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ, ಚಳಿಯಲ್ಲೊಮ್ಮೆ. ಕೆಳಗಿನ ಮನೆಯ ಬಸವಲಿಂಗಪ್ಪನವರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಬೀದರ ಕಡೆಯವರು, ಕೋಕಿಲಾಳ ಅಪ್ಪನ ಜೊತೆ ಬಾಲಾನಗರದ ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು.

"ಇದ್ದೂರನ ಎಷ್ಟ ಸಲ ತಗೀತೀಯವ್ವ?" ಎಂದು ಅವರು ಒಮ್ಮೆ ಕೇಳಿದರು. "ನಿಂತಲ್ಲೇ ನಿಂತೈತಿ ಊರು. ಅದೇನು ಓಡಿ ಹೋಗಾಕತ್ತೈತೇನು?"

ಅಂದುಬಿಟ್ಟ ಮೇಲೆ ಅವರಿಗೇ ನಾಲಗೆ ಕಚ್ಚಿಕೊಳ್ಳುವಂತಾಯಿತು. ಓಡಿ ಹೋದದ್ದು ಊರಲ್ಲ, ಅವಳ ತಮ್ಮ. ಅದು ಅವರಿಗೂ ಗೊತ್ತಿತ್ತು.

ತಮ್ಮನ ಹೆಸರು ನಚಿಕೇತ. ಅಪ್ಪ ರಾಮದಾಸರು ತೀರಿಕೊಂಡದ್ದು ಎರಡು ವರ್ಷದ ಹಿಂದಿನ ಶ್ರಾವಣ ಬಹುಳ ಪಂಚಮಿಗೆ, ಆಸ್ಪತ್ರೆಯಲ್ಲಿ, ಸೋಂಕಿನ ಭಯಕ್ಕೆ ಮನೆಯವರನ್ನು ಹತ್ತಿರ ಬಿಡದಿದ್ದ ಕಾಲದಲ್ಲಿ. ಗಾಜಿನ ಆಚೆಯಿಂದ ಅವರು ಹೆಬ್ಬೆರಳನ್ನು ಬಾಯಿಗೆ ತಂದು ನೀರು ಕೇಳಿದ್ದನ್ನು ನಚಿಕೇತ ಕಣ್ಣಾರೆ ಕಂಡಿದ್ದ. ಬಾಗಿಲು ಬಡಿದ, ಕೂಗಾಡಿದ. ಯಾರೂ ಬರಲಿಲ್ಲ. ಹತ್ತನೆಯ ದಿನ ಎಲ್ಲರೂ ಬಂಡೆಗಳ ನಡುವಿನ ಒಂದು ಹಳೆಯ ಕೆರೆಯ ದಂಡೆಗೆ ಹೋದರು. ಅಪ್ಪ ಚಿಕ್ಕಂದಿನಲ್ಲಿ ಅವರಿಬ್ಬರನ್ನೂ ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋಗಿ ಈಜು ಕಲಿಸಿದ ಕೆರೆ ಅದು. ಎಳ್ಳುನೀರು ಬಿಡುವ ಹೊತ್ತಿಗೆ ನಚಿಕೇತ ಕೈಯೊಳಗಿನ ಎಳ್ಳನ್ನು ನೆಲಕ್ಕೆ ಸುರಿದು ಎದ್ದು ನಿಂತ.

"ಅಲ್ಲೆ ನೀರು ನೀರು ಅಂದಾಗ ಯಾರೂ ಒಂದು ಚಮಚ ಹಾಕಲಿಲ್ಲ," ಎಂದ. "ಈಗ ಕಲ್ಲಿನ ಮ್ಯಾಲೆ ಸುರೀರಿ ಎಲ್ಲಾರೂ ಕೂಡಿ. ನನ್ನ ಕೈಲೆ ಆಗಂಗಿಲ್ಲ."

ಸುಂದರಾಬಾಯಿ ಮಗನ ಮುಖ ನೋಡಿ ಹೇಳಿದಳು: "ಅಪ್ಪಗ ನೀರು ಬಿಡದವ ನನಗ ಮಗ ಅಲ್ಲ. ಹೋಗು."

ಅವನು ಹೋದ. ಕೆರೆಯ ಏರಿಯ ಮೇಲೆ ಒದ್ದೆ ಪಂಚೆಯಲ್ಲಿ ನಡೆದು ಬಂಡೆಯ ಆಚೆ ತಿರುಗಿದ. ಕೋಕಿಲಾ ತಮ್ಮನನ್ನು ಕೊನೆಗೆ ಕಂಡದ್ದು ಹಾಗೆ, ಬೆನ್ನು ಮಾತ್ರ. ಇವರು ಮನೆಗೆ ಬರುವಷ್ಟರಲ್ಲಿ ಅವನ ಬ್ಯಾಗು ಇರಲಿಲ್ಲ, ಫೋನು ಬಂದ್ ಆಗಿತ್ತು. ಉಳಿದ ಕರ್ಮವನ್ನು ದೊಡ್ಡಪ್ಪನ ಮಗ ವಾಸುದೇವ ಮುಗಿಸಿದ. ಮರುವರ್ಷದ ತಿಥಿಯನ್ನೂ ಅವನೇ ಮಾಡಿದ. ಪೊಲೀಸ್ ಠಾಣೆಯಲ್ಲಿ, ಮೂವತ್ತು ದಾಟಿದ ಗಂಡಸು ಸಿಟ್ಟು ಮಾಡಿಕೊಂಡು ಮನೆ ಬಿಟ್ಟರೆ ಅದು ಕೇಸಲ್ಲಮ್ಮಾ ಎಂದು ನಕ್ಕು ಕಳಿಸಿದರು. ಮನೆಯಲ್ಲಿ ಅವನ ಹೆಸರು ಎತ್ತುವಂತಿರಲಿಲ್ಲ. ಎತ್ತಿದರೆ ಸುಂದರಾಬಾಯಿ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು.

ಆದರೆ ಅವನು ಊರು ಬಿಟ್ಟಿರಲಿಲ್ಲ. ಯಾರೋ ಜೀಡಿಮೆಟ್ಲಾದ ಒಂದು ಫ್ಯಾಕ್ಟರಿ ಗೇಟಿನಲ್ಲಿ ಕಂಡೆವೆಂದರು. ಬಸವಲಿಂಗಪ್ಪನವರಂತೂ ಲಿಂಗಂಪಲ್ಲಿಯ ಪ್ಲಾಟ್‌ಫಾರ್ಮಿನಲ್ಲೇ ಕಂಡಿದ್ದರು. "ಗಡ್ಡ ಬಿಟ್ಟಾನವ್ವ. ನಚಿಕೇತಾ ಅಂತ ಕೂಗೂದ್ರಾಗ ಗಾಡಿ ಹೊಂಟೇಬಿಡ್ತು. ಇಲ್ಲೇ ಎಲ್ಲೋ ಕೆಲಸ ಮಾಡಾಕತ್ತಾನ, ಖರೇವಂದ್ರೂ."

ಆವತ್ತಿನಿಂದ ಹಿಡಿಯಿತು ಕೋಕಿಲಾಳಿಗೆ ಫೋಟೋದ ಹುಚ್ಚು. ಋತುಗಳೆಂಬುದು ಹೊರಗಿನವರಿಗೆ ಹೇಳಲಿಕ್ಕೆ. ಕ್ಯಾಮೆರಾ ಇಲ್ಲದೆ ಒಬ್ಬ ಹೆಂಗಸು ಫ್ಯಾಕ್ಟರಿ ಗೇಟಿನಲ್ಲಿ ಗಂಡಸರ ಮುಖ ನೋಡುತ್ತ ನಿಂತರೆ ನಾಲ್ಕು ಜನ ಬಂದು ಕೇಳುತ್ತಾರೆ. ಕ್ಯಾಮೆರಾ ಇದ್ದರೆ, ಪಾಪ, ಕಲಾವಿದೆ ಎಂದು ದಾರಿ ಬಿಡುತ್ತಾರೆ.

ಹುಡುಕುವ ವಿದ್ಯೆ ಅವಳಿಗೆ ಹೊಸದಲ್ಲ. ಬಾಲಾನಗರದ ಒಂದು ಎಂಜಿನಿಯರಿಂಗ್ ವರ್ಕ್ಸಿನಲ್ಲಿ ಅವಳ ಕೆಲಸವೇ ಬೆಸುಗೆ ಹಾಕಿದ ಉಕ್ಕಿನ ಎಕ್ಸ್‌ರೇ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ಒಳಗಿನ ಬಿರುಕು ಹುಡುಕುವುದು. ಕೂದಲೆಳೆಯಂಥ ಬಿರುಕು ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಮನೆಗೆ ಬಂದ ಮೇಲೆ ಅದೇ ಕಣ್ಣಿನಿಂದ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಮುಖವನ್ನು ದೊಡ್ಡದು ಮಾಡಿ ನೋಡುವಳು. ಇವನಲ್ಲ. ಇವನಲ್ಲ. ಇವನೂ ಅಲ್ಲ.

ಬೇಸಿಗೆಯಲ್ಲಿ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ತೆಗೆದಳು. ಬಿಸಿಲಿಗೆ ಜನ ಕರ್ಚೀಫು ಕಟ್ಟಿಕೊಂಡು ಮುಖವನ್ನೇ ಮುಚ್ಚಿಕೊಂಡಿದ್ದರು. ಮೊದಲ ಮಳೆ ಬಿತ್ತು, ಕೊಡೆಗಳು ಬಿಚ್ಚಿದವು, ಮುಖಗಳು ಮತ್ತೆ ಮುಚ್ಚಿಹೋದವು. ಗ್ರಾಮದೇವತೆಯ ಹಬ್ಬವಾದ ಬೋನಾಲಿನ ಮೆರವಣಿಗೆಯಲ್ಲಿ ಎಲ್ಲರ ಮುಖಕ್ಕೂ ಅರಿಸಿನ. ಈ ಊರಿನಲ್ಲಿ ಪ್ರತಿ ಋತುವೂ ಒಂದೊಂದು ನೆಪ ಮಾಡಿ ತನ್ನ ತಮ್ಮನನ್ನು ಬಚ್ಚಿಡುತ್ತದೆ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು. ಊರಿನ ಮೇಲೆ ಸಿಟ್ಟು ಮಾಡಿ ಏನು ಬಂತು? ಮುಂದಿನ ಆದಿತ್ಯವಾರ ಮತ್ತೆ ಹೋಗುವಳು.

ಆ ವರ್ಷ ಶ್ರಾವಣ ಎರಡು ಬಂದವು. ಮೊದಲು ಅಧಿಕ ಶ್ರಾವಣ, ಆಮೇಲೆ ನಿಜ ಶ್ರಾವಣ. ಅಧಿಕವೆಂದರೆ ಪಂಚಾಂಗದವರು ಲೆಕ್ಕ ಸರಿದೂಗಿಸಲು ಸೇರಿಸುವ ತಿಂಗಳು. ಅದರಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಹಬ್ಬವಿಲ್ಲ. ಅಳಿಯನನ್ನು ಕರೆದು ಅಕ್ಕಿ-ಬೆಲ್ಲದ ಅನಾರಸ ಕೊಡುವುದೊಂದಿದೆ, ಆ ಮನೆಗೆ ಅಳಿಯನೇ ಇರಲಿಲ್ಲ. ತಿಥಿಯನ್ನೂ ಅವರ ಮನೆಯಲ್ಲಿ ನಿಜ ಮಾಸದಲ್ಲೇ ಮಾಡುವ ಪದ್ಧತಿ. ಏನೂ ನಡೆಯದ ಆ ತಿಂಗಳಲ್ಲಿ ಕೋಕಿಲಾಳೂ ಹುಡುಕಾಟಕ್ಕೆ ಸ್ವಲ್ಪ ವಿರಾಮ ಕೊಟ್ಟು, ಆದಿತ್ಯವಾರಗಳಲ್ಲಿ ಅಪ್ಪನ ಕೆರೆಯ ಕಡೆ ಹೋದಳು. ತಮ್ಮ ಇನ್ನೆಲ್ಲಿ ಇದ್ದರೂ ಅಲ್ಲಿಗಂತೂ ಕಾಲಿಡುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಹಾಗಾಗಿ ಅಲ್ಲಿ ನಿಜವಾಗಿಯೂ ಋತುವಿನ ಫೋಟೋವನ್ನೇ ತೆಗೆದಳು. ಮೋಡ, ಬಂಡೆ, ತುಂಬಿದ ನೀರು. ದೂರದ ದಂಡೆಯಲ್ಲಿ ಬಟ್ಟೆ ಒಗೆಯುವವರೋ ಮೀನು ಹಿಡಿಯುವವರೋ ಇದ್ದರೆ ಇರಲಿ ಎಂದು ಬಿಟ್ಟಳು.

ನಿಜ ಶ್ರಾವಣದ ಬಹುಳ ಪಂಚಮಿಗೆ ಮಠದಲ್ಲಿ ತಿಥಿ. ಒಳಗೆ ವಾಸುದೇವ ಪಿಂಡಕ್ಕೆ ಕೂತಿದ್ದರೆ ಕೋಕಿಲಾ ಹೊರಗೆ ಗೇಟಿನ ಬಳಿ ಕೊಡೆ ಹಿಡಿದು ನಿಂತಿದ್ದಳು. ಅಪ್ಪನ ದಿನ. ಎಷ್ಟು ಕಲ್ಲೆದೆಯವನಾದರೂ ಈ ದಿನ ಗೇಟಿನ ತನಕವಾದರೂ ಬಂದಾನು, ದೂರದಿಂದ ನೋಡಿ ಹೋದಾನು ಎಂಬ ಆಸೆ. ಎಲೆ ಹಾಕಿದ್ದಾಯಿತು, ಊಟವಾಯಿತು, ಎಂಜಲೆಲೆ ಎತ್ತಿದ್ದಾಯಿತು. ಯಾರೂ ಬರಲಿಲ್ಲ.

"ಮರ್ತಬಿಟ್ಟಾನಮ್ಮಾ," ಎಂದಳು ಮನೆಗೆ ಬರುವಾಗ ಆಟೋದಲ್ಲಿ. ಅಳು ಬಂದುಬಿಟ್ಟಿತು.

"ಯಾರು?" ಎಂದಳು ಸುಂದರಾಬಾಯಿ, ರಸ್ತೆ ನೋಡುತ್ತ.

ಇಷ್ಟು ಕ್ರೂರಿಯೇ ನನ್ನ ತಾಯಿ ಎಂದು ಕೋಕಿಲಾಳಿಗೆ ಅನಿಸಿತು. ಅದರ ಮೇಲೆ ಕೆಲವು ವಾರ ತಾಯಿಮಗಳ ನಡುವೆ ಉಪ್ಪು-ಖಾರದ ಮಾತಷ್ಟೇ ನಡೆಯಿತು. ಕೋಕಿಲಾ ಮನೆಯಲ್ಲಿ ನಿಲ್ಲುವುದನ್ನೇ ಬಿಟ್ಟಳು. ಸೀತಾಫಲದ ಗಾಡಿಗಳು ಬಂದವು, ಬತುಕಮ್ಮ ಹಬ್ಬದ ತಂಗಡಿ ಹೂಗಳು ಬೀದಿ ತುಂಬ ಬಿದ್ದವು, ಮುಂಜಾನೆಯ ಮಂಜಿನಲ್ಲಿ ಲೋಕಲ್ ಗಾಡಿಯ ದೀಪವಷ್ಟೇ ಕಾಣುವ ದಿನಗಳು ಬಂದವು. ಅವಳು ತೆಗೆದದ್ದೇ ತೆಗೆದದ್ದು. ಮರೆತವನನ್ನು ಯಾಕೆ ಹುಡುಕುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಲೇ ಮತ್ತೆ ಬೂಟು ಹಾಕುವಳು. ಸುಮ್ಮನೆ ಕೂತರೆ ಎದೆಯೊಳಗೆ ಇರುವೆ ಹರಿದಂತಾಗುತ್ತಿತ್ತು.

ಸಂಕ್ರಾಂತಿಯ ಮುಂದೆ ಸುಂದರಾಬಾಯಿಯ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಒಂದು ವಾರ ಮಂಚದ ಮೇಲೆ ಮಹಾರಾಣಿಯಂತೆ ಕೂತಳು. ಕನ್ನಡಕ ತೆಗೆದ ಮೇಲೆ ನೋಡಿದ್ದೆಲ್ಲ ಅವಳಿಗೆ ಸೋಜಿಗ. ಗೋಡೆಯ ಬಣ್ಣ ಇದೇನಾ? ಬಸವಲಿಂಗಪ್ಪನವರಿಗೆ ಇಷ್ಟು ಸುಕ್ಕು ಯಾವಾಗ ಬಿದ್ದವು? ಹೊರಗೆ ಮಾಳಿಗೆ ಮಾಳಿಗೆಯ ಮೇಲೆ ಹುಡುಗರು ಗಾಳಿಪಟ ಹಾರಿಸುತ್ತ ಬೊಬ್ಬೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ ಅವಳೇ ಕೇಳಿದಳು:

"ನಿನ್ನ ಫೋಟೋ ತೋರಸು. ಟೀವಿಯಾಗ ಹಾಕು. ಹೊಸ ಕಣ್ಣು ಹೆಂಗ ಕೆಲಸ ಮಾಡ್ತದ ನೋಡೂಣು."

ಕೋಕಿಲಾಳಿಗೆ ಅಚ್ಚರಿಯಾಯಿತು, ಅನುಮಾನವೂ ಆಯಿತು. ಆದರೂ ಪೆನ್‌ಡ್ರೈವ್ ಚುಚ್ಚಿ ಒಂದೊಂದಾಗಿ ತೋರಿಸತೊಡಗಿದಳು. ಸ್ಟೇಷನ್ನು, ಫ್ಯಾಕ್ಟರಿ ಗೇಟು, ಬೋನಾಲು. ಸುಂದರಾಬಾಯಿ ಪ್ರತಿಯೊಂದಕ್ಕೂ "ನಿಲ್ಲು, ನಿಲ್ಲು" ಎಂದು ಮೂಗು ಟೀವಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಬಹಳ ಹೊತ್ತಿನ ಮೇಲೆ, ಟೀವಿಯೊಳಗಿನ ಮುಖಗಳಿಗೆ ಬೆರಳು ಮಾಡಿ, ಹಿಂದೆ ತಿರುಗದೆಯೇ ಹೇಳಿದಳು:

"ಎಲ್ಲಾ ಮಾರಿನೇ ತಗದೀಯಲ್ಲ. ಅಂವಾ ನಿನಗ ಮಾರಿ ತೋರಸ್ತಾನೇನು?"

ಕೋಕಿಲಾಳ ಕೈಯಲ್ಲಿದ್ದ ರಿಮೋಟು ಹಾಗೇ ನಿಂತಿತು. "ನಿನಗ ಗೊತ್ತಿತ್ತಾ?"

"ನಾ ಕಣ್ಣಿಗೆ ಪೊರಿ ಬಂದಾಕಿ, ಬುದ್ಧಿಗಲ್ಲ. ಮುಂದ ನಡಸು."

ಕೆರೆಯ ಫೋಟೋಗಳು ಬಂದವು. ತುಂಬಿದ ನೀರು. ಮಳೆಗಾಲದ ಕಪ್ಪು ಮೋಡ, ಅದರ ಕೆಳಗೆ ಬಂಡೆಗಳ ಸಾಲು, ದೂರದ ದಂಡೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತ, ಹೆಬ್ಬೆರಳಿನಷ್ಟು ಚಿಕ್ಕದಾದ ಯಾವನೋ ಒಬ್ಬನ ಬೆನ್ನು. ಕೋಕಿಲಾ ಮುಂದಿನದಕ್ಕೆ ಒತ್ತಿದಳು.

"ಹಿಂದಕ್ಕ ಹೋಗು," ಎಂದಳು ಸುಂದರಾಬಾಯಿ. "ದೊಡ್ಡದು ಮಾಡು ಅದನ್ನ. ಇನ್ನೂ ದೊಡ್ಡದು."

ಬೆನ್ನು ಟೀವಿಯ ತುಂಬ ಹರಡಿತು. ಉಟ್ಟ ಪಂಚೆಯ ಒಂದು ಅಂಚು ಕೆಂಪು, ಇನ್ನೊಂದು ಅಂಚು ಹಸಿರು.

ಅಂಥ ಪಂಚೆ ಜಗತ್ತಿನಲ್ಲಿ ಒಂದೇ ಇತ್ತು. ಹರಿದ ಎರಡು ಪಂಚೆಗಳ ಒಳ್ಳೆಯ ಅರ್ಧಗಳನ್ನು ಕೂಡಿಸಿ ಸುಂದರಾಬಾಯಿಯೇ ಹೊಲಿದದ್ದು. ರಾಮದಾಸರು ಮನೆಯಲ್ಲಿ ಉಡುತ್ತಿದ್ದರು, ಬಂದವರ ಮುಂದೆ ನಾಚಿಕೊಂಡು ಒಳಗೆ ಹೋಗುತ್ತಿದ್ದರು. ಅವರು ಹೋದ ಮೇಲೆ ಅದು ಕಳೆದುಹೋಗಿತ್ತು. ಸುಂದರಾಬಾಯಿ ಕಪಾಟುಗಳನ್ನು ಎಷ್ಟು ಸಲ ಇಳಿಸಿ ಏರಿಸಿದ್ದಳೋ, ಯಾಕೆಂದು ಕೇಳಿದರೆ ಜಿರಲೆ ಎನ್ನುತ್ತಿದ್ದಳು.

"ಬ್ಯಾಗಿನ್ಯಾಗ ಹಾಕ್ಕೊಂಡ ಹೋಗ್ಯಾನ," ಎಂದಳು ಈಗ. "ಕೈ ನೋಡು. ಎಡಗೈ."

ಎಡಚನಾದ ನಚಿಕೇತ ಎಡಗೈಯನ್ನು ಓರೆಯಾಗಿ ಹಿಡಿದಿದ್ದ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ನೀರು ಇಳಿಯುತ್ತಿತ್ತು. ಪಿತೃಗಳಿಗೆ ಬಿಡುವ ನೀರು ಹಾಗೆಯೇ ಇಳಿಯಬೇಕು, ಆದರೆ ಬಲಗೈಯಿಂದ. ಇನ್ನೊಂದು ಕೈಯಲ್ಲಿ ಅವನು ಮಂತ್ರ ನೋಡಿಕೊಳ್ಳಲೆಂದೋ ಏನೋ ಫೋನು ಹಿಡಿದಿದ್ದ.

"ಯಾವ ತಾರೀಕು ತಗದದ್ದು?"

ಕೋಕಿಲಾ ಫೈಲಿನ ತಾರೀಕು ನೋಡಿ ಹೇಳಿದಳು. ಸುಂದರಾಬಾಯಿ ಬೆರಳ ಗೆಣ್ಣುಗಳ ಮೇಲೆ ತಿಥಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಬಹುಳ ಪಂಚಮಿ. ಆದ್ರ ಅಧಿಕದ್ದು." ಅವಳಿಗೆ ನಗು ಬಂತು. "ಅಯ್ಯ ಹುಚ್ಚಪ್ಪ! ಅಧಿಕದಾಗ ನಮ್ಮ ಮನ್ಯಾಗ ಯಾರರೆ ತಿಥಿ ಮಾಡ್ಯಾರೇನೋ? ಫೋನಿನ್ಯಾಗ ಶ್ರಾವಣ ಅಂತ ನೋಡ್ಯಾನ, ಹೊಂಟ ಬಂದಾನ. ತಿಂಗಳ ತಪ್ಪು, ಕೈ ತಪ್ಪು. ಮ್ಯಾಲೆ ಹೊಲಿದ ಅರಿವಿ, ಅದು ಮಡೀಗೆ ನಡೀತದೇನು?" ನಗುತ್ತ ನಗುತ್ತಲೇ ಅವಳ ಮುಖ ಕಿವುಚಿಕೊಂಡಿತು. "ಹೇಳವ್ರು ಒಬ್ಬರೂ ಇರಲಿಲ್ಲಲ್ಲ ಮಗೂಗ. ಎಲ್ಲಾ ತಪ್ಪು ಮಾಡ್ಯಾನ. ಆದ್ರ ಮಾಡ್ಯಾನ, ಕೋಕಿಲಾ. ನೀರು ಬಿಟ್ಟಾನ."

ಡಾಕ್ಟರು ಅಳಬಾರದೆಂದು ಹೇಳಿದ್ದರು. ಹೊಸ ಕಣ್ಣೂ ಹಳೆ ಕಣ್ಣೂ ಒಂದೇ ಸಮ ಸುರಿದವು. ಮರೆತಿದ್ದಾನೆಂದು ತಾನು ಆಟೋದಲ್ಲಿ ಅತ್ತ ದಿನ, ಅವನು ತನ್ನ ಪಾಲಿನ ತಿಥಿಯನ್ನು ತಿಂಗಳ ಹಿಂದೆಯೇ ಮುಗಿಸಿಬಿಟ್ಟಿದ್ದ ಎಂದು ಕೋಕಿಲಾಳಿಗೆ ಆಗ ಹೊಳೆಯಿತು. ಆ ಮಳೆಯಲ್ಲಿ ತಮ್ಮ ಅಷ್ಟು ಹತ್ತಿರ ನಿಂತಿದ್ದ. ಕೂಗಿದ್ದರೆ ಕೇಳುತ್ತಿತ್ತು. ಅವಳು ಮೋಡ ನೋಡುತ್ತಿದ್ದಳು.

"ಈ ವರ್ಷ ಶ್ರಾವಣ ಒಂದೇ," ಎಂದಳು ಸುಂದರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು. "ಅವನ ಪಂಚಮಿನೂ ನಮ್ಮ ಪಂಚಮಿನೂ ಒಂದೇ ದಿನ ಬರ್ತಾವ."

ಸಂಕ್ರಾಂತಿಯಿಂದ ಶ್ರಾವಣಕ್ಕೆ ಎಷ್ಟು ದೂರ! ಇಷ್ಟು ದಿನ ಊರೆಲ್ಲ ಅಲೆಯುತ್ತಿದ್ದ ಕೋಕಿಲಾ ಈಗ ಒಂದೇ ಕೆರೆಯ ಸುತ್ತ ಅಲೆಯತೊಡಗಿದಳು. ಆ ಹೊತ್ತಿಗೇ ಅಲ್ಲಿ ಲಾರಿಗಳು ಕಾಣಿಸಿಕೊಂಡವು. ಮೊದಲು ಒಂದು ಮೂಲೆಗೆ ಮಣ್ಣು ಸುರಿದರು. ಯುಗಾದಿಗೆ ಬೇವು ಹೂ ಬಿಡುವಾಗ ಏರಿಯ ಅರ್ಧ ಇರಲಿಲ್ಲ. ಬೇಸಿಗೆಗೆ ನೀರು ಬತ್ತಿತು, ಕೆಲಸ ಅವರಿಗೆ ಇನ್ನೂ ಸಲೀಸಾಯಿತು. ಅದೇ ಕಲ್ಲಿನ ಮೇಲೆ ನಿಂತು ಅದೇ ಕೋನದಿಂದ ಅವಳು ತೆಗೆದ ಒಂದೊಂದು ಫೋಟೋದಲ್ಲೂ ಕೆರೆ ಒಂದೊಂದು ಗೇಣು ಕುಗ್ಗುತ್ತಿತ್ತು. ಫೋಟೋ ಹಿಡಿದುಕೊಂಡು ಒಂದು ಆಫೀಸಿಗೂ ಹೋಗಿ ಬಂದಳು. ಕೆರೆ ಎಲ್ಲಮ್ಮಾ, ನೀರೇ ಇಲ್ಲವಲ್ಲ ಎಂದರು. ನೀರಿರುವ ಫೋಟೋ ತೋರಿಸಿದರೆ, ಇದು ಮಳೆಗಾಲದ್ದು ಎಂದರು.

"ಕೆರಿನೇ ಇಲ್ಲಂದ್ರ ಅಂವಾ ಎಲ್ಲಿಗೆ ಬರಬೇಕಮ್ಮಾ?"

"ಬರ್ತಾನ. ಕೂಡು ಒಂದಿಷ್ಟು. ನಿನ್ನ ನೋಡಿ ನೋಡಿ ನನಗ ತಲಿ ತಿರಗಲಿಕ್ಹತ್ತದ."

ಅಷ್ಟು ಗಟ್ಟಿಯಾಗಿ ಹೇಳಿದ ಸುಂದರಾಬಾಯಿಯೂ ನಿದ್ದೆಯಲ್ಲಿ ಹೊರಳಾಡುತ್ತಿದ್ದಳು. ಶ್ರಾವಣ ಬಂದ ಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ವಾಸುದೇವನಿಗೆ ಫೋನು ಮಾಡಿ, ಈ ಸಲ ತಿಥಿ ಮಠದಲ್ಲಿ ಬೇಡ, ಮನೆಯಲ್ಲೇ ಮಾಡೋಣ, ನೀನು ಬರುವುದು ಬೇಡಪ್ಪ ಎಂದಳು.

"ಮತ್ತ ಮಾಡವ್ರು ಯಾರು ಕಾಕೂ?" ಎಂದ ವಾಸುದೇವ. ಅವನಿಗೆ ಮುನಿಸು ಬಂದಿತ್ತು.

"ಮಾಡವ ಮಾಡ್ತಾನ."

ಕೋಕಿಲಾ ಹೆದರಿದಳು. ತಮ್ಮನ ನಂಬಿಕೆಯಲ್ಲಿ ಇರಲಿ ಬಿಡಲಿ, ತನ್ನ ತಾಯಿಯ ನಂಬಿಕೆಯಲ್ಲಿ ಇದು ಗಂಡನ ವರ್ಷದ ಊಟ. ನಚಿಕೇತ ಬರದಿದ್ದರೆ ಅಪ್ಪ ಈ ವರ್ಷ ಹಸಿದೇ ಹೋಗಬೇಕು. ಅಷ್ಟನ್ನೂ ಪಣಕ್ಕಿಟ್ಟಿದ್ದಾಳೆ ಸುಂದರಾಬಾಯಿ, ಒಂದು ಬೆನ್ನಿನ ಫೋಟೋ ನಂಬಿಕೊಂಡು.

ಪಂಚಮಿಯ ದಿನ ನಸುಕಿಗೇ ಎದ್ದು ಸುಂದರಾಬಾಯಿ ಮಡಿಯಲ್ಲಿ ಅಡುಗೆ ಮುಗಿಸಿದಳು. ಆಚಾರ್ಯರಿಗೆ ನೆತ್ತಿಯ ಮೇಲೆ ಹೊತ್ತು ಬಂದಾಗ ಬನ್ನಿರಿ ಎಂದು ಹೇಳಿಯಾಗಿತ್ತು. ಬಸವಲಿಂಗಪ್ಪನವರು ಆಟೋ ಕರೆತಂದರು. "ಹೋಗಿ ಬರ್ರಿ ಬಾಯಾರ. ಕರಕೊಂಡ ಬರ್ರಿ," ಎಂದಷ್ಟೇ ಅಂದರು.

ಕೆರೆಯ ಬಳಿ ಇಳಿದರು. ಹೋದ ವಾರ ಇಲ್ಲದ್ದು ಈಗ ಎದ್ದು ನಿಂತಿತ್ತು: ಸುತ್ತಲೂ ಆಳೆತ್ತರದ ನೀಲಿ ತಗಡು. ಒಳಗೆ ಬುಲ್ಡೋಜರಿನ ಸದ್ದು. ನೀರಿನ ಒಂದು ಹನಿಯೂ ಕಾಣುವಂತಿರಲಿಲ್ಲ. ತಾಯಿಯನ್ನು ತನ್ನ ಆ ಕಲ್ಲಿನ ಮೇಲೆ ಕೂರಿಸಿ ಅವಳು ತಗಡಿನ ಉದ್ದಕ್ಕೂ ಹೋದಳು, ಬಂದಳು, ಮತ್ತೆ ಹೋದಳು. ಜಿನುಗು ಮಳೆ ಹಿಡಿಯಿತು. ಇಷ್ಟರಲ್ಲಿ ವಾಸುದೇವನ ಫೋನು ಬಂತು. "ಕಾಕೂ, ಇನ್ನೂ ಹೊತ್ತದ. ನಾ ಬರ್ಲೇನು?"

ಸುಂದರಾಬಾಯಿ ನೀಲಿ ತಗಡನ್ನು ನೋಡಿದಳು, ಮಳೆಯನ್ನು ನೋಡಿದಳು. "ಬ್ಯಾಡಪ್ಪ," ಎಂದಳು. ಅವಳ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಆಗ ಆ ಕಡೆಯ ರಸ್ತೆಯಿಂದ ಒಬ್ಬ ಗಡ್ಡದವನು ಬಂದ. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು. ತಗಡಿನ ಮುಂದೆ ನಿಂತ. ಸಂದಿ ಹುಡುಕುತ್ತ ಒಂದಷ್ಟು ದೂರ ನಡೆದ, ಕೈಯಿಂದ ತಗಡನ್ನು ತಳ್ಳಿ ನೋಡಿದ. ಕೋಕಿಲಾ ರೂಢಿಯ ಬಲದಿಂದ ಕ್ಯಾಮೆರಾ ಎತ್ತಿ ಲೆನ್ಸಿನಲ್ಲಿ ಹತ್ತಿರ ತಂದುಕೊಂಡಳು. ವರ್ಷಕ್ಕೂ ಮಿಕ್ಕಿ ಸಾವಿರ ಮುಖಗಳಲ್ಲಿ ಹುಡುಕಿದ ಮುಖ. ಗಡ್ಡದಲ್ಲಿ ಬಿಳಿ ಕೂದಲು ಬಂದಿದ್ದವು. ಕ್ಯಾಮೆರಾದಿಂದ ಕಣ್ಣು ತೆಗೆಯುವುದೇ ಅವಳಿಗೆ ಮರೆತುಹೋಯಿತು. ಅವನು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ತಿರುಗಿ ಹೊರಟ. ಮತ್ತೆ ಅದೇ ಬೆನ್ನು.

"ನಚ್ಯಾ!"

ಬುಲ್ಡೋಜರಿನ ಸದ್ದನ್ನು ಮೀರಿ ಸುಂದರಾಬಾಯಿ ಕೂಗಿದ್ದಳು. ಅವನು ನಿಂತ. ತಿರುಗಿದ. ಅವನೂ ಬರಲಿಲ್ಲ, ಇವಳಿಗೂ ಕಲ್ಲಿನಿಂದ ಏಳಲಾಗಲಿಲ್ಲ. ಕೋಕಿಲಾಳೇ ಓಡಿಹೋಗಿ ತಮ್ಮನ ರೆಟ್ಟೆ ಹಿಡಿದು ಎಳೆದುಕೊಂಡು ಬಂದಳು, ಚಿಕ್ಕವನಿದ್ದಾಗ ಆಟದ ಬಯಲಿನಿಂದ ಎಳೆದು ತರುತ್ತಿದ್ದ ಹಾಗೆ.

"ಇಲ್ಲೇನದ ಹುಡುಕಲಿಕ್ಕೆ?" ಎಂದಳು ಸುಂದರಾಬಾಯಿ. ಮಗನ ಮುಖವನ್ನು ಹೊಸ ಕಣ್ಣಿನಿಂದ ಇಂಚಿಂಚು ನೋಡುತ್ತಿದ್ದಳು. "ಇಲ್ಲೆ ನೀರಿಲ್ಲ. ಮನ್ಯಾಗ ನಳ ಬರ್ಲಿಕ್ಹತ್ತದ. ನಡಿ."

"ಅಮ್ಮಾ," ಎಂದ ನಚಿಕೇತ. ಬಹಳ ದಿನ ಕನ್ನಡ ಆಡದ ನಾಲಗೆ ತಡವರಿಸಿತು. "ನಾ ಇನ್ನೂ ಅದನ್ನೆಲ್ಲ ನಂಬಂಗಿಲ್ಲ. ಸುಳ್ಳು ಹೇಳಂಗಿಲ್ಲ ನಿನ್ನ ಮುಂದ. ಅಪ್ಪ ನೀರು ಕೇಳಿದ್ದು ಕಣ್ಣಿಗೆ ಕಟ್ಟತದ, ಅಷ್ಟಕ್ಕ ಬರ್ತೀನಿ."

"ನಂಬು ಅಂತ ಯಾರು ಅಂದಾರ? ಉಪಾಸ ಇದ್ದೀಯೋ ಇಲ್ಲೋ?"

"ಇದ್ದೀನಿ."

"ಹಂಗಾದ್ರ ನಡಿ. ಆವತ್ತು ನಾ ಅಂದದ್ದು ತಪ್ಪು, ನಚ್ಯಾ. ನೀ ಅಂದದ್ದೇ ಖರೇ ಇತ್ತು. ಅದಕ್ಕ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ." ಸುಂದರಾಬಾಯಿ ಅವನ ಹೆಗಲು ಹಿಡಿದು ಎದ್ದಳು. "ಮತ್ತ ಹೋದ ವರ್ಷ ನೀ ಮಾಡಿದ್ದು ಅಧಿಕದಾಗ. ಅದು ಲೆಕ್ಕಕ್ಕಿಲ್ಲ."

"ಅಧಿಕ ಅಂದ್ರ?" ಎಂದ ನಚಿಕೇತ. ಆಮೇಲೆ ಹೊಳೆದು, "ನಿನಗ ಹೆಂಗ ಗೊತ್ತು?"

ಕೋಕಿಲಾ ಕೊರಳಲ್ಲಿದ್ದ ಕ್ಯಾಮೆರಾ ಎತ್ತಿ ತೋರಿಸಿದಳು. ಅವಳಿಗೆ ಒಟ್ಟಿಗೇ ನಗುವೂ ಅಳುವೂ ಬರುತ್ತಿದ್ದವು.

ಮನೆಯಲ್ಲಿ ಆಚಾರ್ಯರು ಆಗಲೇ ಬಂದು ಕೂತಿದ್ದರು. ನಚಿಕೇತ ನಳದ ಕೆಳಗೆ ಸ್ನಾನ ಮಾಡಿ, ತಾಯಿ ಕೊಟ್ಟ ಹೊಲಿಗೆಯಿಲ್ಲದ ಪಂಚೆ ಉಟ್ಟು ಬಂದ. ಬಾಗಿಲಾಚೆ ಬಸವಲಿಂಗಪ್ಪನವರು ಏನೋ ನೆಪ ಮಾಡಿ ಎರಡು ಸಲ ಬಂದು ಇಣುಕಿ ಹೋದರು. ಕರ್ಮ ಸುರುವಾಯಿತು. ಎಳ್ಳುನೀರು ಬಿಡುವ ಹೊತ್ತಿಗೆ ನಚಿಕೇತನ ಎಡಗೈ ತಾನಾಗಿ ಮುಂದೆ ಬಂತು.

"ಬಲಗೈರಿ," ಎಂದರು ಆಚಾರ್ಯರು. "ಬಲಗೈಲೆ ಬಿಡಬೇಕು."

ಅವನು ಕೈ ಬದಲಿಸಿದ. ನೀರು ಅಡ್ಡಾದಿಡ್ಡಿ ಚೆಲ್ಲಿತು. ಮತ್ತೆ ಹಿಡಿದ, ಮತ್ತೆ ಚೆಲ್ಲಿತು.

ಒಂದು ಪಾತ್ರೆ ಮುಟ್ಟಿದರೆ ಮೈಲಿಗೆಯಾಯಿತೆಂದು ಇಡೀ ಅಡುಗೆಮನೆ ತೊಳೆಯುವ ಸುಂದರಾಬಾಯಿ ಒಳಗಿನಿಂದ ಹೇಳಿದಳು: "ಬಿಡ್ರಿ ಆಚಾರ್ರ. ಅಂವಗ ಯಾವ ಕೈ ಬರ್ತದೋ ಆ ಕೈಲೆ ಬಿಡವಲ್ನ್ಯಾಕ. ಅವರಿಗೆ ನೀರಡಿಕಿ ಆಗೇದ."

ಆಚಾರ್ಯರು ಮಂತ್ರ ಮುಂದುವರಿಸಿದರು. ನಚಿಕೇತ ಎಡಗೈಯಿಂದ ನೀರು ಬಿಟ್ಟ. ಕೋಕಿಲಾ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಎಲೆ ಹಾಕು ಬಾ ಎಂದು ತಾಯಿ ಎರಡು ಸಲ ಕರೆದರೂ ಅವಳು ಏಳಲಿಲ್ಲ.